ಮರುಳಸಿದ್ದಪ್ಪನ ಕಾರಿನ ಸದ್ದು

ಹೊಳಲ್ಕೆರೆಯ ಪಾತ್ರೆ ಅಂಗಡಿ ಮರುಳಸಿದ್ದಪ್ಪ ಬೆಳಿಗ್ಗೆ ಕಾರು ಚಾಲೂ ಮಾಡಿದರೆ ಸಾಕು, ಓಣಿಯ ನಾಯಿಗಳು ಎದ್ದು ಬೇರೆ ಜಾಗ ನೋಡಿಕೊಳ್ಳುತ್ತಿದ್ದವು. ಬಾನೆಟ್ಟಿನೊಳಗೆ ಯಾರೋ ಬೋಗುಣಿಗೆ ಮೊಳೆ ತುಂಬಿ ಕುಲುಕಿದಂಥ ಸದ್ದು.

ಆವತ್ತು ಗಂಡ ಹೆಂಡತಿ ಚಿತ್ರದುರ್ಗಕ್ಕೆ, ತಂಗಿಯ ಮೊಮ್ಮಗಳ ನಾಮಕರಣಕ್ಕೆ ಹೊರಟಿದ್ದರು. ಎದುರುಮನೆ ಚಂದ್ರಕ್ಕ ಕಸಬರಿಗೆ ಹಿಡಿದುಕೊಂಡೇ ಓಡಿಬಂದಳು.

“ಅಣ್ಣಾ, ಗಾಡಿ ಯಾಕಿಂಗೆ ಒದರ್ತೈತೆ? ಡೀಸೆಲ್‌ನಾಗೆ ನೀರು ಸೇರೈತೇನೋ!”

“ನೀರಲ್ಲ ಕಣಕ್ಕ, ಟೈಮಿಂಗ್ ಚೈನ್ ಲೂಸಾಗೈತೆ,” ಎಂದ ಪಕ್ಕದ ಬಟ್ಟೆ ಅಂಗಡಿ ಗುರುರಾಜ, ಕಾರಿನ ಕಿಟಕಿಗೆ ಬಾಯಿಟ್ಟು. “ಮಾವ, ಓಡಿಸ್ಬ್ಯಾಡ್ರಿ. ಚೈನು ಜಾರಿದ್ರೆ ಇಂಜಿನ್ನೇ ಹೋಗ್ತೈತೆ.”

“ಎಲ್ಲೈತೆ ಸದ್ದು? ಬೆಣ್ಣೆ ಹಂಗೆ ಓಡ್ತೈತೆ!” ಎಂದು ಮರುಳಸಿದ್ದಪ್ಪ ಗುಡುಗಿದ. ಗುರುರಾಜನಿಗೆ ಈ ಕಾರಿನ ಮೇಲೆ ಮೊದಲಿಂದಲೂ ಕಣ್ಣು. ಕಡಿಮೆ ಬೆಲೆಗೆ ಹೊಡೆಯಲು ಓಣಿಯನ್ನೇ ಎತ್ತಿಕಟ್ಟಿದ್ದಾನೆಂದು ಮರುಳಸಿದ್ದಪ್ಪನ ಅನುಮಾನ. ಹೆಂಡತಿ ವೀರಮ್ಮ ಗಂಡನ ಮುಖ ನೋಡಿದಳು. ಹತ್ತಿ ಕೂತಳು.

ದಾರಿಯಲ್ಲಿ ಜನ ಕೈ ಬೀಸಿ ಬಾನೆಟ್ಟು ತೋರಿಸಿದರು. ಬಸ್ಸಿನ ಕಂಡಕ್ಟರು ಅರ್ಧ ಮೈ ಹೊರಗೆ ಹಾಕಿ ಕೂಗಿದ. ಮರುಳಸಿದ್ದಪ್ಪ ಎಲ್ಲರಿಗೂ ನಗುತ್ತ ನಮಸ್ಕಾರ ಮಾಡಿದ. “ನೋಡೇ, ಜನಕ್ಕೆ ನಮ್ಮನ್ನ ಕಂಡ್ರೆ ಎಷ್ಟು ಪ್ರೀತಿ!”

ಆಗಲೇ ಕಾರು ದಡಾರನೆ ಒದ್ದುಕೊಂಡು ನಿಂತಿತು. ಎಷ್ಟು ಕೀಲಿ ತಿರುವಿದರೂ ಉಸಿರಿಲ್ಲ. ಕೊನೆಗೆ ಅಡಕೆ ಚೀಲ ಹೇರಿದ್ದ ಭೀಮಸಮುದ್ರದ ಟ್ರ್ಯಾಕ್ಟರೊಂದು ಹಗ್ಗ ಕಟ್ಟಿ, ಹಟ ಮಾಡುವ ಎಮ್ಮೆಯನ್ನು ಎಳೆದಂತೆ ಎಳೆದು ದುರ್ಗದ ಗ್ಯಾರೇಜಿಗೆ ತಂದುಬಿಟ್ಟಿತು.

ಮೆಕ್ಯಾನಿಕ್ ಪಾಲಯ್ಯ ಇಂಜಿನ್ನಿನ ಮುಚ್ಚಳ ಬಿಚ್ಚಿ ಬೆರಳಿನಿಂದ ಚೈನು ಎತ್ತಿದ. ಅದು ಹಳೇ ಉಡಿದಾರದಂತೆ ಜೋತುಬಿತ್ತು.

“ಚೈನು ಹಲ್ಲು ಜಾರೈತೆ. ವಾಲ್ವು ಕೆಳಗಿಳಿದಿದ್ದಾಗ್ಲೇ ಪಿಸ್ಟನ್ ಬಂದು ಗುದ್ದೈತೆ, ವಾಲ್ವೆಲ್ಲ ಬಗ್ಗೋಗ್ಯಾವೆ. ಇದು ಇವತ್ತಿನ ಸದ್ದಲ್ಲ ಯಜಮಾನ್ರೆ, ತಿಂಗಳುಗಟ್ಲೆ ಬಡ್ಕಂಡೈತೆ. ನಿಮಗೆ ಕೇಳಿಸ್ಲೇ ಇಲ್ವಾ?”

ಗ್ಯಾರೇಜಿನವರೆಲ್ಲ ತಿರುಗಿ ನೋಡಿದರು.

“ಅವರಿಗೆ ಕೇಳ್ಸಿತ್ತಪ್ಪ,” ವೀರಮ್ಮ ನಡುವೆ ಬಂದು ಜೋರಾಗಿ ಅಂದಳು. “ರಿಪೇರಿ ಮಾಡಿಸ್ತೀನಿ ಅಂದ್ರು. ನಾನೇ ಈಗ ಬ್ಯಾಡ ಅಂದೆ.”

ಮರುಳಸಿದ್ದಪ್ಪ ದಂಗಾದ. ಹಾಲಿಗೆ ನೀರು ಬೆರೆಸಿದ್ದನ್ನೂ ಮುಚ್ಚಿಡದ ಹೆಂಗಸು, ಹತ್ತು ಜನರ ಮುಂದೆ ತನಗಾಗಿ ಸುಳ್ಳು ಹೇಳುತ್ತಿದ್ದಾಳೆ! ಗುರುರಾಜ, ಚಂದ್ರಕ್ಕ, ಬಸ್ಸಿನ ಕಂಡಕ್ಟರು ಎಲ್ಲ ಒಟ್ಟಿಗೆ ಕಣ್ಮುಂದೆ ಬಂದರು. ಪಾತ್ರೆಗಳ ಮೇಲೆ ಹೆಸರು ಕುಟ್ಟಿ ಕುಟ್ಟಿ ಕಿವಿ ಯಾವಾಗಲೋ ಕೈಕೊಟ್ಟಿತ್ತು. ಅದು ಗೊತ್ತಿದ್ದರೂ ವೀರಮ್ಮ ಒಂದು ಮಾತು ಆಡಿರಲಿಲ್ಲ, ದನಿಯನ್ನಷ್ಟೇ ಏರಿಸಿಕೊಂಡಿದ್ದಳು.

“ನಾಮಕರಣ ಆಗ್ಲಿ ಬಿಡು,” ಎಂದ ಮೆಲ್ಲಗೆ. “ಕಿವಿ ಡಾಕ್ಟ್ರ ಹತ್ರ ಹೋಗಾಣ.”

ಕಾರು ರಿಪೇರಿಯಾಗಿ ಬರುವಷ್ಟರಲ್ಲಿ ಮರುಳಸಿದ್ದಪ್ಪನ ಕಿವಿಗೂ ಪುಟ್ಟ ಮಿಷಿನ್ನು ಬಂದಿತ್ತು. ವೀರಮ್ಮನನ್ನು ಕೂರಿಸಿಕೊಂಡು ಗ್ಯಾರೇಜಿನಿಂದ ಹೊರಟವನು ಮೊದಲ ತಿರುವಿನಲ್ಲೇ ಗಕ್ಕನೆ ಬ್ರೇಕು ಹಾಕಿದ.

“ಟಿಕ್ ಟಿಕ್ ಅಂತೈತೆ! ಮತ್ತೆ ಚೈನು!”

“ಇಂಡಿಕೇಟ್ರು ಕಣ್ರೀ. ಕಾರು ತಂದಾಗಿಂದ್ಲೂ ಐತೆ.”

ಮುಂದೆ ಇಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟುತ್ತ ಸಾಗಿತು. ಸುಖವಾಗಿ ಕೇಳುತ್ತಿದ್ದ ಮರುಳಸಿದ್ದಪ್ಪನ ಕಿವಿಗೆ ಪಕ್ಕದಿಂದ ಸಣ್ಣ ದನಿಯೊಂದು ಬಿತ್ತು. ಕಾರಿನಲ್ಲಿ ವೀರಮ್ಮನ ತುಟಿ ಅಲ್ಲಾಡುವುದನ್ನು ಅವನು ಎಷ್ಟೋ ಸಲ ನೋಡಿದ್ದ. ಖುಷಿಗೆ ವಚನ ಹಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದ.

“ಶಿವನೇ, ಎದುರಿಗೆ ಲಾರಿ ಬರ್ತೈತೆ, ಈ ಮನುಷ್ಯನಿಗೆ ಕಾಣೋ ಹಂಗೆ ಮಾಡಪ್ಪ. ಕಂಡ್ತು, ಕಂಡ್ತು. ಅಯ್ಯೋ, ಕುರಿ ಮಂದೆ! ಇದೊಂದು ಸಲ ದಾಟಿಸು ತಂದೆ, ಸೋಮವಾರ ಕಾಯಿ ಒಡೀತೀನಿ...”

ಮರುಳಸಿದ್ದಪ್ಪ ಕಾರಿನ ವೇಗ ತಗ್ಗಿಸಿದ. “ಇದನ್ನ ಯಾವಾಗಿಂದ ಹೇಳ್ಕಂತಿದೀಯ?”

ವೀರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವನಿಗೆ ಕೇಳಿಸುತ್ತದೆಂಬುದೇ ಅವಳಿಗೆ ಮರೆತಿತ್ತು.

“ಮದುವೆಯಾದ ಹೊಸದ್ರಲ್ಲಿ ಸೈಕಲ್ ಇತ್ತಲ್ಲ... ಆವಾಗಿಂದ.”

ಅವನು ಕಾರನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿ, ಇಂಜಿನ್ನು ಆರಿಸಿದ.

“ಯಾಕ್ರೀ, ಏನಾಯ್ತು?”

“ಏನಿಲ್ಲ. ನೀನು ಪೂರ್ತಿ ಬೇಡ್ಕಂಡು ಮುಗ್ಸು. ಆಮೇಲೆ ಹೋಗಾಣ.”