ಹಂಪಣ್ಣ ಆರಿಸಿ ತಂದ ಇಯರ್‌ಫೋನು

ಇಯರ್‌ಫೋನಿನ ಬಲಗಡೆಯ ಸದ್ದು ನಿಂತುಹೋದದ್ದು ತನ್ನ ಅದೃಷ್ಟವೇ ಇರಬೇಕು ಎಂದು ಹಂಪಣ್ಣನಿಗೆ ಆ ದಿನ ಬೆಳಗ್ಗೆ ಹತ್ತೂವರೆಗೆ ಅನ್ನಿಸಿತು.

ಗಂಗಾವತಿಯಿಂದ ಇಂದಿರಾನಗರದ ವಿಮಾ ಕಚೇರಿಗೆ ಅವನು ವರ್ಗವಾಗಿ ಬಂದು ಎಂಟು ತಿಂಗಳಾಗಿತ್ತು. ಹೆಂಡತಿಗೆ ಊರಿನಲ್ಲೇ ಶಾಲೆಯ ಕೆಲಸ. ಇವನಿಗೆ ಹೊಸ ತಿಪ್ಪಸಂದ್ರದಲ್ಲಿ ಮಹಡಿ ಮೇಲೊಂದು ಕೋಣೆ. ಕಚೇರಿಯಲ್ಲಿ ಅವನ ಮೇಜು ಹಳೆಯ ಫೈಲುಗಳ ಬೀರುಗಳ ಹಿಂದಿತ್ತು. ಫೈಲು ಬೇಕಾದವರು ಬಿಟ್ಟರೆ ಯಾರೂ ಅತ್ತ ಸುಳಿಯುತ್ತಿರಲಿಲ್ಲ. ಮಧ್ಯಾಹ್ನ ಉಳಿದ ಏಳು ಜನ ಒಟ್ಟಿಗೆ ಕೂತು ನಗುವುದನ್ನು ಬೀರುವಿನ ಆಚೆಯಿಂದ ಕೇಳುತ್ತಾ, ಕರೆಯದ ಮದುವೆಗೆ ಬಂದವನ ಹಾಗೆ ತಲೆ ತಗ್ಗಿಸಿ ತನ್ನ ಡಬ್ಬಿ ಖಾಲಿ ಮಾಡುತ್ತಿದ್ದ. ಸಂಜೆಯ ನಂತರ ಮೊಬೈಲಿನ ಎಫ್‌ಎಂ ಒಂದೇ ಜೊತೆ.

ಅವತ್ತು ಕ್ರಿಕೆಟ್ ಪಂದ್ಯ. ಹಂಪಣ್ಣ ತಂತಿಯನ್ನು ತಿರುಚುತ್ತಾ, ಸತ್ತ ಬಲಗಡೆಗೆ ಜೀವ ಬರಿಸಲು ಒದ್ದಾಡುತ್ತಿದ್ದ. ಫೈಲು ಕೇಳಲು ಬಂದ ರವಿಕಿರಣ ಅದನ್ನು ನೋಡಿದ.

"ಸಾರ್, ಮ್ಯಾಚಾ? ಸ್ಕೋರ್ ಎಷ್ಟಾಯ್ತು? ಕೊಡಿ ಇಲ್ಲಿ, ನಾನು ಸರಿ ಮಾಡ್ತೀನಿ."

ಸರಿ ಮಾಡುವುದೆಂದರೆ ಅವನು ತಂತಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಎಡಗಡೆಯೂ ಸತ್ತಿತು. ಹಂಪಣ್ಣನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಫೈಲಿನ ಹೊರತಾಗಿ ಯಾರೋ ತನ್ನ ಹತ್ತಿರ ಎರಡು ಮಾತಾಡಿದ್ದರು.

"ಛೇ, ಸಾರಿ ಸಾರ್. ಹೊಸದು ತಗೋಬೇಕಾದ್ರೆ ಯಾವ್ದು ಒಳ್ಳೇದು?"

ಹಂಪಣ್ಣ ಗಂಟಲು ಸರಿಪಡಿಸಿಕೊಂಡ. ಎಂಟು ತಿಂಗಳ ಸಂಜೆಗಳಲ್ಲಿ ಅವನು ಐದು ಇಯರ್‌ಫೋನು ಸವೆಸಿದ್ದ.

"ಹಾಡು ಕೇಳಿ ಪರೀಕ್ಷೆ ಮಾಡಬಾರದ್ರಿ. ಮೊದ್ಲು ವಾರ್ತೆ ಕೇಳ್ಬೇಕು. ಓದೋರು 'ಸ' ಅಂದಾಗ ಹಾವಿನಂಗ ಬುಸ್ ಅಂದ್ರ ಬ್ಯಾಡ. ಆಮ್ಯಾಲ ಮೃದಂಗ. ಎಡಗೈ ಪೆಟ್ಟು ಬ್ಯಾರೆ, ಬಲಗೈ ಪೆಟ್ಟು ಬ್ಯಾರೆ ಕೇಳಿಸ್ಬೇಕು."

"ಬಾಸ್ ಸೌಂಡ್ ಇರ್ಬೇಕಲ್ವಾ ಸಾರ್?"

"ಬರೇ ಬಾಸ್ ಇದ್ರ ಪಕ್ಕದ ಮನ್ಯಾಗ ಹಿಟ್ಟಿನ ಗಿರಣಿ ಇದ್ದಂಗ್ರಿ."

ಕ್ಯಾಷ್ ಕೌಂಟರಿನ ರುದ್ರಾಣಿ ಮೇಡಂ ಜೋರಾಗಿ ನಕ್ಕರು. ಆ ನಗುವಿಗೆ ಉಳಿದವರೂ ಬಂದರು. ಹಂಪಣ್ಣನ ಮೇಜಿನ ಸುತ್ತ ಜಾತ್ರೆ ಸೇರಿತು.

"ಇಪ್ಪತ್ತು ರೂಪಾಯಿದು ಒಂದು ತಿಂಗಳು ಬರ್ತದ, ಅರವತ್ತರದು ಮೂರು ತಿಂಗಳು," ಎಂದ ಹಂಪಣ್ಣ. "ನೂರೈವತ್ತರದು ಅಂದ್ರ ಅರವತ್ತರದಕ್ಕೇ ಚಂದದ ಡಬ್ಬಿ, ಅಷ್ಟ. ಎಲ್ಲಾ ಶಿವಾಜಿನಗರದ ತಳ್ಳುಗಾಡ್ಯಾಗ ಸಿಗ್ತಾವ."

"ಇಷ್ಟು ದಿನ ಎಲ್ಲಿದ್ರಿ ನೀವು?" ಎಂದರು ರುದ್ರಾಣಿ. ಅವರಿಂದ ಹನ್ನೆರಡು ಅಡಿ ದೂರದಲ್ಲೇ ಇದ್ದೆ ಎಂದು ಹಂಪಣ್ಣ ಹೇಳಲಿಲ್ಲ. ಮೇಡಂ ಮುಂದುವರಿಸಿದರು: "ಶಿವಾಜಿನಗರದಿಂದ ನಂಗೂ ಒಂದು ತನ್ನಿ. ನೀವೇ ಕೇಳಿ ನೋಡಿ ತನ್ನಿ."

ಎಲ್ಲರ ಮೊಬೈಲಿನಲ್ಲೂ ಎಫ್‌ಎಂ ಇತ್ತು, ಕಿವಿಗೆ ಹಾಕುವ ತಂತಿ ಮಾತ್ರ ಮಕ್ಕಳ ಪಾಲಾಗಿತ್ತು. "ನಂಗೂ", "ನಂಗೂ" ಎಂದು ಇನ್ನೂ ಐದು ದನಿಯಾದವು. ಅಷ್ಟರಲ್ಲಿ ಮ್ಯಾನೇಜರ್ ವಾದಿರಾಜ ಕೋಣೆಯಿಂದ ಹೊರಬಂದರು. ಗುಂಪು ಇರುವೆಯ ಸಾಲಿನ ಹಾಗೆ ಚದುರಿತು. ಹಂಪಣ್ಣ ಒಳಗೆ ಹೋಗಬೇಕಾಯಿತು.

"ಆಫೀಸಲ್ಲಿ ಇದೆಲ್ಲಾ ಏನ್ರೀ?" ಎಂದು ಗದರಿದ ವಾದಿರಾಜರು ಬಾಗಿಲು ಹಾಕಿ ದನಿ ತಗ್ಗಿಸಿದರು. "ನನಗೂ ಒಂದಿರಲಿ. ಬೇಗ ಹೋಗ್ಬನ್ನಿ."

ಶಿವಾಜಿನಗರದ ತಳ್ಳುಗಾಡಿಯ ವಾಜಿದ್ ಮುಂದೆ ಹಂಪಣ್ಣ ಒಂದೂವರೆ ಗಂಟೆ ನಿಂತ. ಒಂದೊಂದನ್ನೂ ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳಿ, ತಂತಿ ಬಾಗಿಸಿ ಮತ್ತೆ ಕೇಳಿದ.

"ಅರೇ ಸಾಬ್, ಹೆಣ್ಣು ನೋಡೋಕೆ ಬಂದಿದ್ದೀರಾ ಏನು? ಇಷ್ಟು ಯಾರೂ ನೋಡಲ್ಲ!"

"ನಮ್ಮ ಆಫೀಸಿನವ್ರಿಗಪ್ಪಾ," ಎಂದ ಹಂಪಣ್ಣ. 'ನಮ್ಮ' ಎಂಬ ಮಾತು ಬಾಯಲ್ಲಿ ಬೆಲ್ಲದ ಹಾಗೆ ಕರಗಿತು. ಕೇಳಿ ನೋಡಿದ ಮೂವತ್ತರಲ್ಲಿ ಎಂಟು ಪಾಸಾದವು, ಏಳು ಅವರಿಗೆ, ಒಂದು ತನಗೆ. ಸಂಜೆ ಎಲ್ಲರೂ ಪಂದ್ಯ ಕೇಳುತ್ತಾ ಹರಟುವಾಗ ತಾನೂ ಮಧ್ಯದಲ್ಲಿ ಕೂತಿರುವುದನ್ನು ಬಸ್ಸಿನಲ್ಲಿ ನಿಂತೇ ಕಲ್ಪಿಸಿಕೊಂಡ. ಹಲಸೂರಿನಲ್ಲಿ ನುಗ್ಗಿದ ಜನ ಅವನನ್ನು ಕಂಬಕ್ಕೆ ಒತ್ತಿ ಚಪಾತಿ ಮಾಡಿದರು.

ಕಚೇರಿಯಲ್ಲಿ ಚಪ್ಪಾಳೆಯೇ ಬಿತ್ತು. ಹಂಚುತ್ತಾ ಬಂದು ಕೊನೆಗೆ ಮ್ಯಾನೇಜರಿಗೆ ಕೊಟ್ಟ. ವಾದಿರಾಜರು ಕಿವಿಗಿಟ್ಟು ಮುಖ ಸಿಂಡರಿಸಿದರು. "ಉಸಿರೇ ಇಲ್ವಲ್ರೀ ಇದಕ್ಕೆ!"

ಬಸ್ಸಿನ ಕಂಬದ ಪೆಟ್ಟು. ಹಂಪಣ್ಣ ಜೇಬಿನಿಂದ ತನ್ನದನ್ನು ತೆಗೆದು ಕೊಟ್ಟ. ಇರಲಿ, ಸ್ಕೋರು ಯಾರಾದರೂ ಹೇಳುತ್ತಾರೆ.

ಅವನು ಕುರ್ಚಿ ಎತ್ತಿಕೊಂಡು ಬಂದು ಮೊದಲ ಸಲ ಎಲ್ಲರ ಮಧ್ಯೆ ಕೂತ. ವಾದಿರಾಜರೂ ಸೇರಿ ಏಳು ಜನರ ಕಿವಿಯಿಂದ ಏಳು ತಂತಿ ಇಳಿಬಿದ್ದಿದ್ದವು. ಯಾರೂ ಮಾತಾಡುತ್ತಿರಲಿಲ್ಲ.

"ನಮ್ಮ ಗಂಗಾವತ್ಯಾಗ ಮ್ಯಾಚ್ ಇತ್ತಂದ್ರ..." ಎಂದು ಶುರು ಮಾಡಿದ. ಯಾರೂ ತಿರುಗಲಿಲ್ಲ. ಇದ್ದಕ್ಕಿದ್ದಂತೆ ಏಳೂ ಜನ "ಅಯ್ಯೋ!" ಎಂದು ಕೂಗಿದರು.

"ಏನಾತ್ರೀ? ಯಾರು ಔಟು?"

ರವಿಕಿರಣ ಅವನನ್ನು ನೋಡದೆಯೇ ತುಟಿಯ ಮೇಲೆ ಬೆರಳಿಟ್ಟ. ಮತ್ತೆ ಎಲ್ಲರೂ ಒಟ್ಟಿಗೆ ನಕ್ಕರು, ಒಟ್ಟಿಗೆ ತಲೆ ಚಚ್ಚಿಕೊಂಡರು. ಹಂಪಣ್ಣ ಒಂದೊಂದೇ ಮುಖ ನೋಡುತ್ತಾ, ಅವರು ನಕ್ಕಾಗ ಒಂದು ಕ್ಷಣ ತಡವಾಗಿ ತಾನೂ ನಕ್ಕ. ಮಧ್ಯಾಹ್ನದ ಊಟದ ಹೊತ್ತಿನ ಗದ್ದಲವೇ ಎಷ್ಟೋ ವಾಸಿಯಾಗಿತ್ತು. ಅದು ಬೀರುವಿನ ಆಚೆಗೂ ಕೇಳುತ್ತಿತ್ತು.

ಐದು ಗಂಟೆಯ ಸುಮಾರಿಗೆ ರುದ್ರಾಣಿ ಮೇಡಂ ಒಂದು ಕಿವಿಯ ತಂತಿ ತೆಗೆದರು. "ಹಂಪಣ್ಣೋರೇ!"

ಅವನು ಕುರ್ಚಿಯಿಂದ ಅರ್ಧ ಎದ್ದ. "ಹೇಳ್ರೀ ಮೇಡಂ!"

"ಏನ್ ಚೆನ್ನಾಗಿದೆ ಗೊತ್ತಾ ನೀವು ತಂದಿದ್ದು! ಅಕ್ಕಪಕ್ಕದವರ ಮಾತು ಒಂದ್ ಚೂರೂ ಕೇಳಿಸ್ತಿಲ್ಲ."

ತಂತಿಯನ್ನು ಮತ್ತೆ ಕಿವಿಗಿಟ್ಟುಕೊಂಡರು.

"ಭಾಳ ಸಂತೋಷರೀ," ಎಂದ ಹಂಪಣ್ಣ. ಅದೂ ಅವರಿಗೆ ಕೇಳಿಸಲಿಲ್ಲ.