ಅಮ್ಮಚ್ಚಿಯವರು ಚಹಾಕ್ಕಾಗಿ ನೆರೆಮನೆ ಸೇರಿದ ಪ್ರಕರಣ ಹಾಗೂ ಬಿಸಿಪೆಟ್ಟಿಗೆ ನಿಯಮಗಳ ತಿದ್ದುಪಡಿ

ಗೃಹ ಇಂಧನ ಮಿತವ್ಯಯ ನಿರ್ದೇಶಕರ ಕಾರ್ಯಾಲಯ
(ಊಟದ ಮೇಜಿನ ಪಡುವಣ ತುದಿ), ಒಲ್ಲೂರು, ತ್ರಿಶೂರು

ಸಂಖ್ಯೆ: ಗೃಇಂಮಿ/ಒಲೆ/ಚಹಾ/ಅತಿ ಜರೂರು
ದಿನಾಂಕ: ಶನಿವಾರ, ಅರೆಬೆಂದ ಊಟದ ತರುವಾಯ

ವಿಷಯ: ಅಡುಗೆ ಅನಿಲದ ಬೆಲೆ ಏರಿಕೆಯ ಪ್ರಯುಕ್ತ ಮನೆಯಲ್ಲಿ ಬೆಂಕಿಯ ಬಳಕೆ ತಗ್ಗಿಸುವ ಬಗ್ಗೆ, ಮತ್ತು ಅಮ್ಮಚ್ಚಿಯವರನ್ನು ಮರಳಿ ಕರೆತರುವ ಬಗ್ಗೆ.

ಉಲ್ಲೇಖ: 1) ಬೆಲೆ ಏರಿದ ಬೆಳಿಗ್ಗೆ ಹೊರಡಿಸಿದ ಸುತ್ತೋಲೆ. 2) ಅದನ್ನು ಯಾರೂ ಓದದ ಕಾರಣ ಅಂದೇ ಮಧ್ಯಾಹ್ನ ಹೊರಡಿಸಿದ ಸುತ್ತೋಲೆ, ಮತ್ತು ಅದೇ ಕಾರಣಕ್ಕೆ ಆ ಬಳಿಕ ಹೊರಡಿಸಿದವು. 3) ಪತ್ನಿ ಶ್ರೀಮತಿ ರೋಸಿಲಿಯವರ ಮೌಖಿಕ ಆಕ್ಷೇಪಣೆ, ಸೌಟು ಸಹಿತ.

ಸಿಲಿಂಡರಿನ ಬೆಲೆಯು ಇಗರ್ಜಿಯ ಗೋಪುರವನ್ನೂ ಕೆಳಗೆ ಬಿಟ್ಟು ಮೇಲೇರಿರುವ ಸಂದರ್ಭದಲ್ಲಿ, ನಿವೃತ್ತ ಶಿರಸ್ತೇದಾರರೂ ಹಾಲಿ ನಿರ್ದೇಶಕರೂ ಆದ ಶ್ರೀ ಲೋನಪ್ಪನ್ ಅವರು ಕೈಗೊಂಡ ಕ್ರಮಗಳಿಂದ ಈ ಮನೆಯಲ್ಲಿ ಉಳಿದ ಅನಿಲವು ತ್ರಿಶೂರು ಜಿಲ್ಲೆಯ ಸಮಸ್ತ ಹೋಟೆಲುಗಳಿಗೆ ವರ್ಷವಿಡೀ ಸಾಕಾಗಿ, ಮಿಕ್ಕಿದ್ದರಲ್ಲಿ ಕೊಚ್ಚಿಯವರಿಗೂ ಪಾಯಸವಾಗುವಷ್ಟಿದೆ ಎಂದು ಅಂದಾಜಿಸಲಾಗಿದೆ. ಅಂದಾಜು ಮಾಡಿದವರೂ ನಿರ್ದೇಶಕರೇ ಆದ್ದರಿಂದ ತಪ್ಪಿರುವ ಸಂಭವವಿರುವುದಿಲ್ಲ.

ಹೀಗಿರುವಲ್ಲಿ, ನಿರ್ದೇಶಕರ ಮಾತೃಶ್ರೀ ಕೊಚ್ಚುತ್ರೇಸ್ಯ ಅಮ್ಮಚ್ಚಿಯವರು, ಬೆಳಿಗ್ಗೆ ಕುದಿಸಿ ಬಿಸಿಪೆಟ್ಟಿಗೆಯಲ್ಲಿ ಭದ್ರಪಡಿಸಿದ್ದ ಕರಿ ಚಹಾವನ್ನು ಸಾಯಂಕಾಲ ಒಂದು ಗುಟುಕು ಹೀರಿ, "ಇದು ಚಾ ಅಲ್ಲ ಮಗನೆ, ತೀರ್ಥ. ಹಣೆಗೆ ಹಚ್ಕೊ. ನಾನು ರಪ್ಪಾಯಿ ಮನೇಲಿ ಕುಡಿತೀನಿ" ಎಂದು ನುಡಿದು, ಕೊಡೆ ಮತ್ತು ಜಪಮಾಲೆ ಸಹಿತ ಪಕ್ಕದ ಮನೆಯ ಜಗಲಿಗೆ ನಿರ್ಗಮಿಸಿರುತ್ತಾರೆ. ಸದರಿ ರಪ್ಪಾಯಿಯವರು ತೆಂಗಿನ ಚಿಪ್ಪು, ಗರಿ ಉರಿಸಿ ಹೊತ್ತುಗೊತ್ತಿಲ್ಲದೆ ಚಹಾ ಕುದಿಸುವವರೆಂದು ಕುಖ್ಯಾತರು. ಮರುದಿನ ಅಮ್ಮಚ್ಚಿಯವರು ತಮ್ಮ ಬೆತ್ತದ ಕುರ್ಚಿಯನ್ನೂ ಅಲ್ಲಿಗೆ ತರಿಸಿಕೊಂಡಿರುವುದು ಪ್ರಕರಣಕ್ಕೆ ಕಾಯಂ ಸ್ವರೂಪ ನೀಡಿದೆ. ನಾಳೆ ಭಾನುವಾರ. ಇಗರ್ಜಿಯಲ್ಲಿ ಪೂಜೆ ಮುಗಿಸಿದ ಇಡೀ ಊರು ಆ ಜಗಲಿಯ ಮುಂದೆಯೇ ಹಾದುಹೋಗಲಿದೆ. ಹೆತ್ತ ತಾಯಿಗೆ ಒಂದು ಲೋಟ ಚಹಾ ಕೊಡದ ಮಗನೆಂಬ ಮಾತು ಬರುವ ಮುನ್ನ ಕೆಳಕಂಡ ನಿಯಮಗಳನ್ನು ಜಾರಿಗೊಳಿಸಲಾಗಿದೆ.

1. ಒಂದು ಕುದಿ ಬಂದೊಡನೆ ಕೆಂಪಕ್ಕಿಯ ಪಾತ್ರೆಯನ್ನು ಒಣಹುಲ್ಲು ತುಂಬಿದ ಬಿಸಿಪೆಟ್ಟಿಗೆಗೆ ವರ್ಗಾಯಿಸುವ ಪದ್ಧತಿ ಮುಂದುವರಿಯುತ್ತದೆ. ಅನ್ನವು ತನ್ನ ಕಾವಿನಲ್ಲಿ ತಾನೇ ಬೇಯತಕ್ಕದ್ದು. ಮುಚ್ಚಳ ತೆರೆದು ನೋಡುವುದನ್ನು ಅವಿಶ್ವಾಸ ನಿರ್ಣಯವೆಂದು ಭಾವಿಸಲಾಗುವುದು. ಪೆಟ್ಟಿಗೆಯ ಮೇಲೆ ಮಲಗಿ ಕಾವು ಕೊಡಲು ಬೆಕ್ಕನ್ನು ನಿಯೋಜಿಸಲಾಗಿದೆ.

2. ಕುಕ್ಕರಿನಲ್ಲಿ ಕಡಲೆ ಬೇಯುವಾಗ ಹೊರಡುವ ಹಬೆಯನ್ನು ಗಾಳಿಪಾಲು ಮಾಡತಕ್ಕದ್ದಲ್ಲ. ಹಬೆಯ ಕೊಳವೆಗೆ ಅಕ್ಕಿಹಿಟ್ಟಿನ ಪುಟ್ಟು ಬೇಯಿಸುವ ನಳಿಗೆ, ಪುಟ್ಟಿನ ನೆತ್ತಿಗೆ ಮೊಟ್ಟೆ, ಮೊಟ್ಟೆಯ ಮೇಲೆ ನಿರ್ದೇಶಕರ ಇಸ್ತ್ರಿಯಾಗಬೇಕಾದ ಮುಂಡು ಪಂಚೆ, ಮುಂಡಿನ ಮೇಲೆ ನೆಗಡಿಯಾದವರ ಮೂಗು: ಈ ಕ್ರಮ ಪಾಲಿಸತಕ್ಕದ್ದು. ನೆಗಡಿ ಇಲ್ಲದಿದ್ದಲ್ಲಿ ಹಬೆ ವ್ಯರ್ಥವಾಗುವುದರಿಂದ, ಸರದಿಯ ಮೇಲೆ ಒಬ್ಬರು ನೆಗಡಿ ತಂದುಕೊಳ್ಳತಕ್ಕದ್ದು.

3. ಸೀಟಿ ಎಣಿಸುವಾಗ ಹಿಂಬದಿಯ ಮನೆಯ ಕುಕ್ಕರಿನ ಸೀಟಿಗಳನ್ನು ಈ ಮನೆಯ ಖಾತೆಗೆ ಜಮೆ ಮಾಡತಕ್ಕದ್ದಲ್ಲ. ಗುರುವಾರ ಹಾಗೆ ಎಣಿಸಿ ಒಲೆ ಆರಿಸಿದವರು ಸ್ವತಃ ನಿರ್ದೇಶಕರೇ ಎಂಬ ಶ್ರೀಮತಿ ರೋಸಿಲಿಯವರ ಆರೋಪ ಪರಿಶೀಲನೆಯಲ್ಲಿದ್ದು, ಅಂದಿನ ಕಡಲೆಗೆ ಬಲಿಯಾದ ನಿರ್ದೇಶಕರ ದವಡೆ ಹಲ್ಲನ್ನು ಸಾಕ್ಷ್ಯವಾಗಿ ಕಾಯ್ದಿರಿಸಲಾಗಿದೆ.

4. ಮೀನುಸಾರು ಮರುದಿನವೇ ರುಚಿ ಎಂಬುದು ಸರ್ವವಿದಿತ. ಆದ್ದರಿಂದ ಮೊದಲ ದಿನವನ್ನು ಕೈಬಿಟ್ಟು ನೇರವಾಗಿ ಮರುದಿನದ ಸಾರನ್ನೇ ಮಾಡತಕ್ಕದ್ದು.

5. ಶ್ರೀಮತಿ ರೋಸಿಲಿಯವರ ಮೂಲಕ ಅಮ್ಮಚ್ಚಿಯವರೊಂದಿಗೆ ನಡೆಸಿದ ಸಂಧಾನದ ವಿವರ: ದಿನಕ್ಕೊಮ್ಮೆ ಉಗುರುಬೆಚ್ಚಗಿನ ಚಹಾ ಎಂಬ ಮೊದಲ ಪ್ರಸ್ತಾವಕ್ಕೆ ಅವರು ರಪ್ಪಾಯಿಯವರಿಂದ ಇನ್ನೊಂದು ಲೋಟ ಚಹಾ ತರಿಸಿಕೊಂಡರು. ಹಬ್ಬದಂದು ಪೂರ್ಣ ಕುದಿ ಎಂಬ ಎರಡನೆಯದಕ್ಕೆ ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡರು. ಬರಿಗೈಯಲ್ಲಿ ಮರಳಿದ ಶ್ರೀಮತಿ ರೋಸಿಲಿಯವರು, "ಏ ಮನುಷ್ಯಾ, ನಾಳೆ ಬೆಳಗಿನ ಚಾ ನಾನೂ ಅಲ್ಲೇ ಕುಡಿಯೋದು. ನೀವು ಆ ಪೆಟ್ಟಿಗೇಲಿ ಕೂತು ಬೇಯ್ತಾ ಇರಿ" ಎಂದು ನೋಟಿಸು ನೀಡಿರುತ್ತಾರೆ. ಕಟ್ಟಕಡೆಗೆ ಅಮ್ಮಚ್ಚಿಯವರಿಂದ ಬಂದ ಷರತ್ತನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಉರಿಸೋಕೆ ಗ್ಯಾಸಿಲ್ಲ, ಬರೆಯೋಕೆ ಕಾಗದ ಮಾತ್ರ ರಾಶಿ. ಆ ರಾಶಿಗೇ ಬೆಂಕಿ ಕೊಟ್ಟು ಒಂದು ಲೋಟ ಚಾ ಕುದಿಸ್ಲಿ. ನಾನೇ ಎದ್ದು ಬರ್ತೀನಿ."

6. ಸದರಿ ಷರತ್ತಿನಲ್ಲಿ ಅನಿಲದ ಬಳಕೆ ಶೂನ್ಯವಾಗಿರುವುದನ್ನು ಮೊದಲು ಗಮನಿಸಿದವರು ನಿರ್ದೇಶಕರೇ. ಆದ್ದರಿಂದ, ಈವರೆಗಿನ ಎಲ್ಲ ಸುತ್ತೋಲೆಗಳನ್ನು ಹಿತ್ತಿಲಿನ ಕಲ್ಲೊಲೆಯಲ್ಲಿ ಅನುಷ್ಠಾನಗೊಳಿಸಲು ಈ ಮೂಲಕ ಆದೇಶಿಸಲಾಗಿದೆ. ಇದನ್ನು ಸೋಲೆಂದು ಅರ್ಥೈಸತಕ್ಕದ್ದಲ್ಲ. ಅರ್ಥೈಸುವವರು ಮನಸ್ಸಿನಲ್ಲೇ ಅರ್ಥೈಸತಕ್ಕದ್ದು.

ಸೇರ್ಪಡೆ (ಅದೇ ದಿನ ಸಾಯಂಕಾಲ): ಆದೇಶವನ್ನು ಪಾಲಿಸಲಾಯಿತು. ಜ್ವಾಲೆಯು ಕೊಡುಂಗಲ್ಲೂರಿನವರೆಗೂ ಕಂಡಿತೆಂದು ನಿರ್ದೇಶಕರ ಅಭಿಪ್ರಾಯ. ನೀರು ಸದ್ದು ಮಾಡಿತಾದರೂ ಕುದಿಯಲು ಒಂದು ಹಾಳೆಯಷ್ಟು ಕೊರತೆ ಬಿದ್ದುದರಿಂದ, ಈ ಸುತ್ತೋಲೆಯ ಮೂಲ ಪ್ರತಿಯನ್ನೂ ನಿರ್ದೇಶಕರು ಸ್ವಹಸ್ತದಿಂದ ಒಲೆಗೆ ಸಲ್ಲಿಸಿರುತ್ತಾರೆ. ಹಾಗಾಗಿ ಇದು ನಕಲು. ಅಮ್ಮಚ್ಚಿಯವರು ಬಂದು, ಊದದೆ ಕುಡಿಯಲಾಗದಷ್ಟು ಬಿಸಿಯಾದ ಚಹಾವನ್ನು ಊದಿ ಊದಿ ಕುಡಿದು, "ನಿನ್ನ ಬರಹ ಇವತ್ತು ಒಂದು ಕೆಲಸಕ್ಕೆ ಬಂತು ನೋಡು. ನಾಳೇದು ಬರೆದಿಟ್ಟಿದೀಯಾ?" ಎಂದು ವಿಚಾರಿಸಿರುತ್ತಾರೆ.

ತತ್ಪರಿಣಾಮವಾಗಿ, ಇನ್ನು ಮುಂದೆ ಪ್ರತಿ ಸಾಯಂಕಾಲದ ಚಹಾಕ್ಕೆ ಸಾಲುವಷ್ಟು ಉದ್ದದ ಸುತ್ತೋಲೆಯನ್ನು ನಿರ್ದೇಶಕರು ದಿನಂಪ್ರತಿ ಹೊರಡಿಸತಕ್ಕದ್ದೆಂದು ತೀರ್ಮಾನಿಸಲಾಗಿದೆ.

(ಸಹಿ)
ಲೋನಪ್ಪನ್
ನಿರ್ದೇಶಕರು ಮತ್ತು ಸೌದೆ ಸರಬರಾಜುದಾರರು

ಪ್ರತಿಗಳು:
1. ಅಮ್ಮಚ್ಚಿಯವರಿಗೆ, ಮಾಹಿತಿಗಾಗಿ.
2. ಶ್ರೀಮತಿ ರೋಸಿಲಿಯವರಿಗೆ, ಒಲೆಗಾಗಿ.
3. ಶ್ರೀ ರಪ್ಪಾಯಿಯವರಿಗೆ, ಬೆತ್ತದ ಕುರ್ಚಿಯನ್ನು ಹಿಂದಿರುಗಿಸುವ ಕೋರಿಕೆಯೊಂದಿಗೆ.
4. ಬೆಕ್ಕಿಗೆ, ಬಿಸಿಪೆಟ್ಟಿಗೆಯೊಳಗೆ ಮರಿ ಹಾಕಿರುವುದರಿಂದ ಸದರಿ ವಸತಿಯನ್ನು ಕಾಯಂಗೊಳಿಸಿ.
5. ಹೆಚ್ಚುವರಿ ಪ್ರತಿಗಳು: ನಾಳೆ ಪೂಜೆ ಮುಗಿಸಿ ಯಾರಾದರೂ ಚಹಾಕ್ಕೆ ಬಂದಲ್ಲಿ.