ಹೊತ್ತು ಕಳೆಯುವ ನೌಕರಿ

ಗಂಡಸಾದವನಿಗೆ ಮನೆಯಲ್ಲಿ ಒಂದು ಸ್ಥಾನ ಇರುತ್ತದೆ ಎನ್ನುತ್ತಾರೆ. ಕೆನಡಾ ದೇಶದ ಲೆಕ್ಕದಲ್ಲಿ ನನ್ನ ಸ್ಥಾನ ಏನು ಗೊತ್ತೇ? 'ಜೊತೆಗೆ ಬರುವವನು'. ಅಲ್ಲಿ ಕಾಯಂ ಆಗಿ ನೆಲೆಸಲು ಅರ್ಜಿ ಹಾಕಿದವಳು ನನ್ನ ಹೆಂಡತಿ ಯಮುನಾ. ನಾನು ಅವಳ ಸೂಟ್‌ಕೇಸಿನ ಹಾಗೆ ಜೊತೆಗೆ ಹೋಗುವ ಒಂದು ಸಾಮಾನು (ಸೂಟ್‌ಕೇಸಿಗಾದರೂ ಚಕ್ರಗಳಿರುತ್ತವೆ). ಹನ್ನೊಂದು ವರ್ಷದಿಂದ ಯಜಮಾನ ಎನ್ನಿಸಿಕೊಂಡು ಬಂದ ಮಾರುತೇಶನೆಂಬ ನನಗೆ ಇದು ಸಹಿಸುವ ಮಾತಾಗಿರಲಿಲ್ಲ.

ಯಮುನಾ ಬಿ.ಫಾರ್ಮಾ ಓದಿದವಳು. ಹಿರಿಯೂರಿನ ಬಸ್ ಸ್ಟ್ಯಾಂಡ್ ಹತ್ತಿರ ಗಂಗಾಧರಪ್ಪನವರ ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ಬೆಳಿಗ್ಗೆ ಹೋದರೆ ಅಂಗಡಿ ಬಾಗಿಲು ಹಾಕುವವರೆಗೆ ನಿಂತೇ ಇರುತ್ತಾಳೆ. ನಾನು ವಿಮೆ ಏಜೆಂಟ್. ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನಪ್ಪ' ಎಂದು ಎದ್ದು ಹೋಗುವ ಜನರ ನಡುವೆ ನನ್ನ ವ್ಯಾಪಾರ ಹೇಗಿದ್ದೀತು, ನೀವೇ ಊಹಿಸಿ. ಮನೆ ಬಾಡಿಗೆ, ಮಗಳ ಸ್ಕೂಲು, ನನ್ನ ಬೈಕಿನ ಪೆಟ್ರೋಲು, ಎಲ್ಲವೂ ಅವಳ ಸಂಬಳದಲ್ಲೇ.

ಇದು ಮನೆಯೊಳಗಿನ ಸತ್ಯ. ಹೊರಗೆ ಯಾರೇ ಕೇಳಲಿ, ನನ್ನದು ಒಂದೇ ಉತ್ತರ: ಅವಳು ದುಡಿಯಲೇಬೇಕೆಂದೇನಿಲ್ಲ, ಹೊತ್ತು ಹೋಗಲಿ ಅಂತ ಹೋಗುತ್ತಾಳೆ. ನಮ್ಮ ಕಡೆ ಹೆಂಡತಿಯನ್ನು ಕೆಲಸಕ್ಕೆ ಕಳಿಸುವ ಗಂಡಸರೆಲ್ಲ ಹೇಳುವ ಮಾತೇ ಇದು. ನಮ್ಮವ್ವ ಓಬವ್ವ ಧರ್ಮಪುರದ ನೆಂಟರ ಮುಂದೆ ಇದಕ್ಕೆ ಒಗ್ಗರಣೆ ಹಾಕಿ, ಸೊಸೆಗೆ ಮನೆಯಲ್ಲಿ ಬೇಜಾರಾಗುತ್ತದೆಂದು ತಾನೇ ಕಳಿಸುತ್ತಿದ್ದೇನೆ ಎನ್ನುತ್ತಿದ್ದಳು. ಯಮುನಾ ಕೇಳಿಸಿಕೊಂಡೂ ಕೇಳಿಸದವಳ ಹಾಗೆ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅವಳಿಗೆ ಕೆನಡಾದ ಹುಚ್ಚು ಹಿಡಿಸಿದ್ದು ಅವಳ ಕಾಲು. ನಿಂತು ನಿಂತು ಮೀನಖಂಡದ ನರಗಳು ಉಬ್ಬಿ ನೀಲಿಯಾಗಿದ್ದವು. ಜೊತೆಗೆ ಓದಿದ ಗೆಳತಿಯೊಬ್ಬಳು ಅಲ್ಲಿಂದ ಫೋಟೋ ಕಳಿಸಿದ್ದಳು. ಬಿಳಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಪಕ್ಕದಲ್ಲಿ ಒಂದು ಕುರ್ಚಿ. ಯಮುನಾ ಆ ಕುರ್ಚಿಯನ್ನೇ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದಳು. ನಾವು ಮನೆಯಲ್ಲಿ ಅವಳಿಗೆ ಕೂರಬೇಡ ಎಂದಿದ್ದೆವೇ ಎಂದು ನಾನು ಕೇಳಿದ್ದಕ್ಕೆ, ಕೂತರೆ ರೊಟ್ಟಿ ಯಾರು ತಟ್ಟುತ್ತಾರೆ ಎಂದು ಕೇಳಿದಳು.

ಚಿತ್ರದುರ್ಗದಲ್ಲಿ ಬೇಕರಿಯ ಮೇಲಿನ ಮಹಡಿಯಲ್ಲಿ ವೀಸಾ ಸಲಹೆಗಾರ ವಿನೋದ್ ಎಂಬಾತ ಕೂರುತ್ತಾನೆ. ಫಾರ್ಮಸಿಯವರಿಗೆ ಅಲ್ಲಿಗೆ ಹೋಗಲು ಇರುವ ದಾರಿಗಳನ್ನೆಲ್ಲ ಅವನು ಬಿಡಿಸಿ ಹೇಳಿದ. ಓದಿಗೆ ಇಷ್ಟು ಪಾಯಿಂಟು, ಇಂಗ್ಲಿಷಿಗೆ ಇಷ್ಟು, ವಯಸ್ಸಿಗೆ ಇಷ್ಟು, ಪೂರ್ಣಾವಧಿ ಕೆಲಸದ ಅನುಭವಕ್ಕೆ ಇಷ್ಟು. ಮೊದಲು ಅನುಭವದ ಬಲದ ಮೇಲೆ ಕಾಯಂ ವಾಸದ ಪರವಾನಗಿ, ಹೋದಮೇಲೆ ಅಲ್ಲಿನ ಪರೀಕ್ಷೆ ಬರೆದು ಲೈಸೆನ್ಸು. ಯಮುನಾ ಮುದ್ದೆ ತಿರುವುತ್ತಲೇ ಮೊಬೈಲಿನಲ್ಲಿ ಇಂಗ್ಲಿಷ್ ಪಾಠ ಕೇಳಿ ಒಳ್ಳೆಯ ಅಂಕ ತೆಗೆದಳು. ಜೊತೆಗೆ ಬರುವವನೆಂದು ನನಗೂ ಇಂಗ್ಲಿಷ್ ಪರೀಕ್ಷೆ ಇತ್ತು. ನಿಮ್ಮ ಊರಿನ ಬಗ್ಗೆ ಮಾತಾಡಿ ಎಂದ ಪರೀಕ್ಷಕಿಗೆ ನಾನು ಭಯದಲ್ಲಿ ಇಪ್ಪತ್ತು ವರ್ಷದ ಪಾಲಿಸಿಯೊಂದನ್ನು ವಿವರಿಸಿ ಬಂದೆ. ನನ್ನ ಅಂಕದ ವಿಷಯ ಇಲ್ಲಿ ಬೇಡ.

ವಿನೋದ್ ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ: ನಾವು ಆ ದೇಶಕ್ಕೆ ಹೊರೆಯಾಗುವ ಜನ ಅಲ್ಲ ಎಂದು ತೋರಿಸಬೇಕು. ಇದು ನನಗೆ ಹಿಡಿಸಿತು. ಅನುಕೂಲಸ್ಥರೆಂದು ತೋರಿಸಿಕೊಳ್ಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ತಾಲ್ಲೂಕಿನಲ್ಲಿಲ್ಲ.

ಒಂದು ಮಧ್ಯಾಹ್ನ ನಾನು ಊಟ ಮಾಡಿ ಅಡ್ಡಾಗಿದ್ದಾಗ ಫೋನು ಬಂತು. ವೀಸಾ ಕಚೇರಿಯ ಪರವಾಗಿ ಮಾತಾಡುತ್ತಿದ್ದೇನೆ ಎಂದು ಒಬ್ಬ ಹೆಣ್ಣುಮಗಳು ಅಚ್ಚ ಕನ್ನಡದಲ್ಲಿ ಹೇಳಿದಳು. ಅಂಗಡಿ ಮಾಲೀಕರ ಹತ್ತಿರ ಆಗಲೇ ಮಾತಾಡಿಯಾಗಿದೆ, ಮನೆಯವರನ್ನೂ ಒಂದು ಮಾತು ಕೇಳಬೇಕು ಎಂದಳು. ನಾನು ಎದ್ದು ನಿಂತು ಅಂಗಿ ತೊಟ್ಟುಕೊಂಡೆ (ಬನಿಯನ್ನಿನಲ್ಲಿ ಕೆನಡಾದ ಜೊತೆ ಮಾತಾಡುವುದು ಹೇಗೆ). ನಿಮ್ಮ ಹೆಂಡತಿ ದಿನಕ್ಕೆ ಎಷ್ಟು ಗಂಟೆ ಕೆಲಸ ಮಾಡುತ್ತಾರೆ ಎಂದು ಅವಳು ಕೇಳಿದಳು. ನನಗೆ ತಕ್ಷಣ ಆ ಹೊರೆಯ ಮಾತು ನೆನಪಾಯಿತು.

"ಮೇಡಂ, ನಮ್ದು ಅನುಕೂಲವಾಗಿರೋ ಮನೆ. ಅವಳು ದುಡೀಲೇಬೇಕು ಅಂತ ಏನೂ ಇಲ್ಲ. ಹೊತ್ತು ಹೋಗ್ಲಿ ಅಂತ ಒಂದೆರಡು ಗಂಟೆ ಹೋಗಿ ಕುಂತ್ಕಂಡು ಬರ್ತಾಳೆ."

ಎರಡೇ ಗಂಟೆಯಾ ಎಂದು ಅವಳು ಮತ್ತೆ ಕೇಳಿದಳು. ಆಗಲಾದರೂ ಎಚ್ಚರವಾಗಬೇಕಿತ್ತು. ಒಂದೊಂದು ದಿನ ಅದೂ ಇಲ್ಲ ಎಂದೆ. ಸಂಬಳ ಕೇಳಿದಳು. ಗಂಗಾಧರಪ್ಪನವರು ಪ್ರೀತಿಯಿಂದ ಏನೋ ಕೈಗಿಡುತ್ತಾರೆ, ನಾವು ಅದನ್ನು ಮುಟ್ಟುವುದಿಲ್ಲ ಎಂದೆ. ಧನ್ಯವಾದ ಹೇಳಿ ಫೋನಿಟ್ಟಳು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮತ್ತೆ ಮಲಗಿದೆ.

ಫೋನು ಬಂದದ್ದನ್ನು ಸಂಜೆ ತಿಳಿಸಿದಾಗ, ಏನು ಹೇಳಿದಿರಿ ಎಂದು ಯಮುನಾ ಕೇಳಿದಳು. ನಮ್ಮ ಮರ್ಯಾದೆಗೆ ತಕ್ಕ ಹಾಗೆ ಹೇಳಿದ್ದೇನೆ ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಅಕ್ಕಿ ತೊಳೆಯಲು ಹೋದಳು.

ಅರ್ಜಿ ತಿರಸ್ಕಾರವಾಯಿತು. ಮಾಲೀಕರು ಇಡೀ ದಿನದ ಕೆಲಸ ಎನ್ನುತ್ತಾರೆ, ಗಂಡ ಎರಡು ಗಂಟೆ ಎನ್ನುತ್ತಾನೆ. ಹಾಗಾಗಿ ಅನುಭವದ ಮಾಹಿತಿ ಸುಳ್ಳು, ಇನ್ನು ಐದು ವರ್ಷ ಅರ್ಜಿ ಹಾಕುವಂತಿಲ್ಲ. ಐದು ವರ್ಷ ಕಳೆದರೆ ಅವಳ ವಯಸ್ಸಿನ ಪಾಯಿಂಟೆಲ್ಲ ಸೋರಿಹೋಗುತ್ತದೆ ಎಂದು ವಿನೋದ್ ಸೇರಿಸಿದ.

ಯಮುನಾ ಕೂಗಾಡುತ್ತಾಳೆಂದು ನಾನು ತಯಾರಾಗಿದ್ದೆ. ಅವಳು ಬಂದು ಮಂಚದ ಅಂಚಿನಲ್ಲಿ ಕೂತು ಕಾಲು ಒತ್ತಿಕೊಂಡಳು.

"ಹನ್ನೊಂದು ವರ್ಷ ನಿಂತಿದೀನಿ ರೀ," ಎಂದಳು. "ಬೇರೆ ಯಾರಾದ್ರೂ ಇಲ್ಲ ಅಂದಿದ್ರೆ ಜಗಳ ಆಡ್ತಿದ್ದೆ."

ನನಗೆ ನಾಚಿಕೆಯಾಯಿತು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ, ರಾತ್ರಿ ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆ ಅನ್ನವೂ ಅವಳದೇ ಎಂಬುದು ಆ ದಿನ ತಟ್ಟೆಯಲ್ಲೇ ಕಂಡಿತು.

ವಿನೋದ್ ಕೊನೆಯ ದಾರಿಯೊಂದನ್ನು ಹೇಳಿದ. ಗಂಡನೇ ತಾನು ಹೇಳಿದ್ದು ಸುಳ್ಳೆಂದು ಅಫಿಡವಿಟ್ ಬರೆದುಕೊಟ್ಟು, ಮರುಪರಿಶೀಲನೆಗೆ ಕೇಳಿಕೊಳ್ಳಬೇಕು. ಮರುದಿನವೇ ಇಬ್ಬರೂ ಹಿರಿಯೂರಿನ ಕೋರ್ಟಿನ ಹತ್ತಿರ ಟೈಪಿಂಗ್ ಮಾಡುವ ಓಬಳೇಶಪ್ಪನವರ ಬಳಿ ಹೋದೆವು. ಅವರಿಗೆ ಕಿವಿ ಸ್ವಲ್ಪ ಮಂದ. ಅದಕ್ಕೇ ಒಂದೊಂದು ವಾಕ್ಯ ಹೊಡೆದಾದ ಮೇಲೂ ಅದನ್ನು ದೊಡ್ಡ ದನಿಯಲ್ಲಿ ಓದಿ, ಸರಿಯಿದೆಯೇ ಎಂದು ಕೇಳಿಯೇ ಮುಂದಿನದಕ್ಕೆ ಹೋಗುತ್ತಾರೆ. ನೂರಾರು ಜನ ಓಡಾಡುವ ಜಾಗ. ನನ್ನ ಪಾಲಿಸಿದಾರರಿಬ್ಬರು ಟೀ ಕುಡಿಯುತ್ತ ನಿಂತಿದ್ದರು. ಜಮೀನಿನ ವ್ಯಾಜ್ಯಕ್ಕೆ ಬಂದಿದ್ದ ಆದಿವಾಲದ ನಮ್ಮ ಚಿಕ್ಕಪ್ಪ ಕಾಟಪ್ಪ, ಏನಪ್ಪ ವಿಷಯ ಎಂದು ಪಕ್ಕದಲ್ಲೇ ಬಂದು ಕೂತರು.

"ನಾನು ಮಾರುತೇಶ್, ನನ್ನ ಸಂಪಾದನೆಯಿಂದ ಮನೆ ನಡೆಯುವುದಿಲ್ಲ," ಎಂದು ಓಬಳೇಶಪ್ಪ ಓದಿದರು. "ಸರಿ ಐತೇನ್ರಿ?"

ಮೆಲ್ಲಗೆ ಓದಿ ಎಂದು ಬೇಡಿಕೊಂಡೆ. ಅವರಿಗೆ ಕೇಳಿಸಲಿಲ್ಲ.

"ಮನೆಯ ಖರ್ಚು ನನ್ನ ಹೆಂಡತಿಯ ದುಡಿಮೆಯಿಂದ ನಡೆಯುತ್ತದೆ. ಎಲ್ಲ ಖರ್ಚು ಅಂತ ಹಾಕ್ಲೋ, ಸ್ವಲ್ಪ ಅಂತ ಹಾಕ್ಲೋ?"

ನಾನು ಯಮುನಾಳ ಕಡೆ ನೋಡಿದೆ.

"ಎಲ್ಲ ಅಂತ ಹಾಕ್ರಿ," ಎಂದಳು ಅವಳು, ಓಬಳೇಶಪ್ಪನವರಿಗೂ ಕೇಳಿಸುವ ಹಾಗೆ.

ನಾನು ಸಹಿ ಹಾಕುವಾಗ ಟೀ ಅಂಗಡಿಯವನು ಒಲೆ ಸಣ್ಣ ಮಾಡಿ ಕಿವಿಗೊಟ್ಟಿದ್ದ. ಸಂಜೆಯ ಹೊತ್ತಿಗೆ ವಿಷಯ ಆದಿವಾಲ ದಾಟಿ ಧರ್ಮಪುರದ ನೆಂಟರಿಗೂ ಮುಟ್ಟಿ, ನಮ್ಮವ್ವ ನನ್ನ ಜೊತೆ ಮಾತು ಬಿಟ್ಟಳು. ಪಾಲಿಸಿದಾರರಲ್ಲೊಬ್ಬ, ಇನ್ನು ಮುಂದೆ ಏನಿದ್ದರೂ ಮೇಡಂ ಜೊತೆ ಮಾತಾಡುತ್ತೇನೆ ಎಂದು ಹೇಳಿ ಕಳಿಸಿದ.

ಉತ್ತರ ಬಂದ ದಿನ ನಾನು ಅಂಗಡಿಗೆ ಅವಳ ಊಟದ ಡಬ್ಬಿ ಒಯ್ದಿದ್ದೆ. ಯಮುನಾ ಕೌಂಟರಿನ ಹಿಂದೆ ನಿಂತೇ ಮೊಬೈಲಿನಲ್ಲಿ ಓದಿದಳು. ತಿರಸ್ಕಾರವಾದ ಮೇಲೆ, ಲಾಭ ಪಡೆಯುವ ಗಂಡನೇ ಬರೆದುಕೊಟ್ಟ ಹೇಳಿಕೆ ನಂಬಲರ್ಹವಲ್ಲ, ಮೊದಲಿನ ತೀರ್ಮಾನವೇ ಅಂತಿಮ. ಮೊಬೈಲನ್ನು ಬೋರಲು ಹಾಕಿ, ಕಾಯುತ್ತಿದ್ದ ಮುದುಕನಿಗೆ ಮಾತ್ರೆ ಕತ್ತರಿಸಿ ಕೊಟ್ಟು, ಊಟ ಆದಮೇಲೆ ನುಂಗಬೇಕು ಎಂದು ಎರಡು ಸಲ ಹೇಳಿದಳು. ಮುದುಕ ಅವಳ ಮುಖ ನೋಡಿ, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಅಫಿಡವಿಟ್ ಕೊಟ್ಟವನು ಇವನೇ ಏನಮ್ಮ ಎಂದು ಕೇಳಿದ.

ಕೆನಡಾದವರು ಅದರ ಒಂದಕ್ಷರವನ್ನೂ ನಂಬಲಿಲ್ಲ. ಹಿರಿಯೂರಿನವರು ಮಾತ್ರ ಪೂರ್ತಿ ನಂಬಿದ್ದಾರೆ.